ಓನರ್ ಮುಖ ನೋಡಿ ಮಾತಾಡೋ ಫ್ಯಾಕ್ಟರಿ ಬೇಡ ಅಂದ್ರೆ ಮೊದಲು ನಿಮ್ಮ ನಿದ್ದೆ ಸರಿ ಮಾಡ್ಕೊಳ್ಳಿ

ಮೊದಲು ನಡೆದಿದ್ದು ಹೇಳ್ಬಿಡ್ತೀನಿ, ಏನೇನ್ ಮಾಡ್ಬೇಕು ಅನ್ನೋದು ಆಮೇಲೆ. ಬರೀ ಟಿಪ್ಸ್ ಕೊಟ್ರೆ ನಾನೇ ಓದ್ತಿರ್ಲಿಲ್ಲ.

ತುಮಕೂರು ಹತ್ರ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ಸಣ್ಣ ಮಷೀನ್ ಶಾಪ್ ಇದೆ. ಕಂಪ್ಯೂಟರ್ ಪ್ರೋಗ್ರಾಮಲ್ಲಿ ಓಡೋ ಸಿಎನ್‌ಸಿ ಮಷೀನ್ ಆರು, ಎರಡು ಶಿಫ್ಟು, ನಾನೂ ಸೇರಿ 28 ಜನ, ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡ್ಕೊಡ್ತೀವಿ. ಒಂದು ಮಾರ್ಚ್ ಕ್ಲೋಸಿಂಗ್ ಟೈಮು, ಬರ್ಬೇಕಾದ ಪೇಮೆಂಟ್ ಬಂದಿರ್ಲಿಲ್ಲ, ಮನೇಲಿ ಅಪ್ಪಂಗೆ ಹುಷಾರಿರ್ಲಿಲ್ಲ, ಒಂದು ವಾರದಿಂದ ರಾತ್ರಿ ಎರಡಕ್ಕೆ ಮಲಗಿ ಆರಕ್ಕೆ ಎದ್ದು ಬರ್ತಿದ್ದೆ. ಬಂದವ್ನೇ ಬೈಕ್ ಸ್ಟ್ಯಾಂಡ್ ಹಾಕೋಕ್ ಮುಂಚೆನೇ ಗೇಟ್ ಹತ್ರ ಇದ್ದ ಸ್ಕ್ರ್ಯಾಪ್ ಮೂಟೆ ನೋಡಿ ಹೆಲ್ಪರ್ ಹುಡುಗನ್ನ ಎಲ್ರೆದುರಿಗೆ ಹಿಗ್ಗಾಮುಗ್ಗಾ ಬೈದೆ. ಅವನದೇನೂ ತಪ್ಪಿಲ್ಲ, ಗುಜರಿ ಗಾಡಿ ಬರೋದು ಲೇಟಾಗಿತ್ತು ಅಷ್ಟೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಹನ್ನೊಂದು ಗಂಟೆಗೆ ನಾಲ್ಕನೇ ಮಷೀನ್ ಆಪರೇಟರ್ ಬೋರಿಂಗ್ ಇನ್ಸರ್ಟ್ (ಬೋರ್, ಅಂದ್ರೆ ಪೀಸಿನ ತೂತು ಕೊರೆಯೋ ತುದಿ) ಚೇಂಜ್ ಮಾಡಿದ್ದಾನೆ, ಹಳೇ ಇನ್ಸರ್ಟ್ ಸವೆದಿದೆ ಅಂತ ಮಷೀನಿಗೆ ಕೊಟ್ಟಿದ್ದ ಆಫ್‌ಸೆಟ್, ಅಂದ್ರೆ ಅಳತೆ ತಿದ್ದುಪಡಿ, ತೆಗೆಯೋದು ಮರೆತಿದ್ದಾನೆ, ಬೋರ್ ದೊಡ್ಡದಾಗಿದೆ. ಕ್ವಾಲಿಟಿ ಚೆಕ್ ಮಾಡೋ ಕ್ಯೂಸಿ ಹುಡುಗಿ ಕಾಲು ಗಂಟೇಲಿ ಹಿಡಿದಿದ್ದಾಳೆ, ತೂತಿನ ಅಳತೆ ನೋಡೋ ಪ್ಲಗ್ ಗೇಜಲ್ಲಿ ಒಳಗೆ ಹೋಗಲೇಬಾರದ ನೋ-ಗೋ ಕಡೆ ಸಲೀಸಾಗಿ ಒಳಗೋಗ್ತಿದೆ. ಆಪರೇಟರ್ ಏನಂದ ಅಂದ್ರೆ, ಗೇಜೇ ಸವೆದಿರ್ಬೇಕು ಬಿಡು ಅಂತ. ಗೇಜ್ ಸರಿ ಇದ್ಯಾ ಅಂತ ನೋಡೋಕಿರೋ ಮಾಸ್ಟರ್ ಗೇಜ್ ಇಟ್ಟು ನೋಡಿದ್ರೆ ಎರಡು ನಿಮಿಷದ ಕೆಲಸ, ಆದ್ರೆ ಅದು ನನ್ನ ಕ್ಯಾಬಿನ್ ಬೀರೂಲಿ. ಸಂಜೆ ಡಿಸ್ಪ್ಯಾಚ್ ಇತ್ತು, ಮಷೀನ್ ನಿಲ್ಲಿಸ್ಬೇಕಂದ್ರೆ ನನ್ನ ಕೇಳ್ಬೇಕು ಅನ್ನೋ ರೂಲ್ ಬೇರೆ ನಾನೇ ಮಾಡಿದ್ದೆ. ಮೂರೂವರೆಗೆ ನಾನೇ ಸುಮ್ನೆ ಒಂದು ರೌಂಡ್ ಹೋದಾಗ ಗೊತ್ತಾಯ್ತು, ಅಷ್ಟೊತ್ತಿಗೆ 166 ಪೀಸ್. ಬೋರ್ ಚಿಕ್ಕದಿದ್ರೆ ಇನ್ನೊಂದ್ಸಲ ಹೊಡೀಬೋದು, ದೊಡ್ಡದಾದ್ಮೇಲೆ ಗುಜರಿಗೇ.

ಯಾಕಮ್ಮ ಆಗ್ಲೇ ಬಂದು ಹೇಳ್ಲಿಲ್ಲ ಅಂತ ಕೇಳ್ದೆ. "ಎರಡು ಸಲ ಬಾಗಿಲ ತನಕ ಬಂದೆ ಸಾರ್, ನೀವು ಮುಖ ಗಂಟು ಹಾಕ್ಕೊಂಡು ಕೂತಿದ್ರಿ, ವಾಪಸ್ ಹೋದೆ" ಅಂದ್ಳು. ಆಫ್‌ಸೆಟ್ ಮರೆತಿದ್ದು ಆಪರೇಟರ್, ಸರಿ. ಆದ್ರೆ ಒಂದು ಹತ್ತು ಪೀಸಿಗೆ ಮುಗೀಬೇಕಿದ್ದಿದ್ದು 166 ಆಗಿದ್ದು ನನ್ನ ಮುಖದಿಂದ, ಆ ಮುಖ ಹಾಗಿದ್ದಿದ್ದು ನಾಲ್ಕು ಗಂಟೆ ನಿದ್ದೆಯಿಂದ.

ಅದಕ್ಕೇ ನಾನು ಹೇಳೋದು, ಕಂಪನಿ ವಾತಾವರಣ ಚೆನ್ನಾಗಿದ್ಯಾ ಅಂತ ತಿಳ್ಕೊಳ್ಳೋಕೆ ಸರ್ವೇ ಗಿರ್ವೇ ಏನೂ ಬೇಡ, ಕೆಟ್ಟ ಸುದ್ದಿ ನಿಮ್ಮ ಟೇಬಲ್‌ಗೆ ಬರೋಕೆ ಎಷ್ಟೊತ್ತಾಗುತ್ತೆ ನೋಡಿ. ಏಮಿ ಎಡ್ಮಂಡ್ಸನ್ ಅನ್ನೋ ಹಾರ್ವರ್ಡ್ ಪ್ರೊಫೆಸರ್ 90ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡೋದ್ರಲ್ಲಾಗೋ ತಪ್ಪುಗಳ ಬಗ್ಗೆ ಸ್ಟಡಿ ಮಾಡಿದ್ರು, ಒಳ್ಳೇ ಟೀಮ್‌ಗಳಲ್ಲಿ ತಪ್ಪು ಕಮ್ಮಿ ಇರುತ್ತೆ ಅಂತ ಅಂದ್ಕೊಂಡು ಹೋದ್ರೆ ಲೆಕ್ಕದಲ್ಲಿ ಅಲ್ಲೇ ಜಾಸ್ತಿ ಕಾಣಿಸ್ತು, ಆಮೇಲೆ ನೋಡಿದ್ರೆ ಅವರು ಜಾಸ್ತಿ ತಪ್ಪು ಮಾಡ್ತಿದ್ದಾರೆ ಅಂತಲ್ಲ, ಹೆದರದೆ ಹೇಳ್ತಿದ್ದಾರೆ ಅಂತ. ನಮ್ಮಲ್ಲಿ ಉಲ್ಟಾ, ರಿಜಿಸ್ಟರ್ ಕ್ಲೀನ್ ಆಗಿದ್ರೆ ಖುಷಿ ಪಡ್ತೀವಿ.

ಈಗ ಮಾಡೋದೇನು ಅಂದ್ರೆ.

ನಿಮ್ಮ ಸ್ಥಿತಿ ಏನು ಅಂತ ಮೊದಲು ತಿಳ್ಕೊಳ್ಳಿ. ನಮಗೆ ನಾವು ಯಾವಾಗ್ಲೂ ಸರಿಯಾಗೇ ಇರ್ತೀವಿ, ಅದಕ್ಕೆ ಬೇರೆಯವ್ರನ್ನ ಕೇಳ್ಬೇಕು. ಮ್ಯಾನೇಜರ್ ಸತ್ಯ ಹೇಳಲ್ಲ, ಗೇಟಲ್ಲಿರೋ ಸೆಕ್ಯೂರಿಟಿ ಅಣ್ಣನ್ನ ಕೇಳಿ, ಟೀ ತರೋರನ್ನ ಕೇಳಿ, ಮನೇಲಿ ಹೆಂಡ್ತೀನ ಕೇಳಿ. ನಮ್ಮ ಸೆಕ್ಯೂರಿಟಿಗೆ ಅರವತ್ತು ದಾಟಿದೆ, ಅವರು ಹೇಳಿದ್ದು ಕೇಳಿ ದಂಗಾಗೋದೆ. ನಾನು ಹೆಲ್ಮೆಟ್ ತೆಗೆದು ಅವರ ಕಡೆ ನೋಡಿ ತಲೆ ಆಡಿಸಿದ್ರೆ ಒಳಗೆ "ಇವತ್ತು ಪರ್ವಾಗಿಲ್ಲ" ಅಂತ ಸುದ್ದಿ ಹೋಗುತ್ತಂತೆ, ಹೆಲ್ಮೆಟಲ್ಲೇ ಒಳಗೆ ಹೋದ್ರೆ ಅವತ್ತು ಲೀವ್ ಕೇಳೋರೂ ಇಲ್ಲ, ಅಡ್ವಾನ್ಸ್ ಕೇಳೋರೂ ಇಲ್ಲ. ಎಷ್ಟು ವರ್ಷದಿಂದ ಹೀಗೆ ಹವಾಮಾನ ವರದಿ ಓಡ್ತಿತ್ತೋ ನಂಗೊತ್ತೇ ಇಲ್ಲ.

ಇದರ ಜೊತೆಗೆ ಇನ್ನೊಂದು ನೋಡ್ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಬರೆದಿಟ್ಟಿದೆ: ಮೈಮನಸಲ್ಲಿ ಶಕ್ತೀನೇ ಇಲ್ಲ ಅನ್ನೋ ಸುಸ್ತು, ಕೆಲಸದ ಮೇಲೆ ಒಂಥರಾ ಜಿಗುಪ್ಸೆ, ಎಷ್ಟು ಮಾಡಿದ್ರೂ ಏನೂ ಆಗ್ತಿಲ್ಲ ಅನ್ನೋ ಭಾವ. ಅದನ್ನ ಕಾಯಿಲೆ ಅಂತ ಸೇರಿಸಿಲ್ಲ, ಕೆಲಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸದೇ ಇದ್ದಾಗ ಬರೋದು ಅಂತ ಹೇಳಿದೆ. ಮೊದಲನೇದು ಎಲ್ರಿಗೂ ಗೊತ್ತಾಗುತ್ತೆ, ಎರಡನೇದು ಹಿಡಿಯೋದು ಕಷ್ಟ. ನನ್ನ ವಿಷಯದಲ್ಲಿ ಅದು ಹೆಂಗೆ ಕಾಣಿಸ್ತು ಅಂದ್ರೆ "ಈ ಹುಡುಗ್ರೆಲ್ಲಾ ಇಷ್ಟೇ, ಇವರಿಗೆ ಹೇಳಿ ಪ್ರಯೋಜನ ಇಲ್ಲ" ಅಂತ ದಿನಕ್ಕೆ ಹತ್ತು ಸಲ ಅಂತಿದ್ದೆ. ನೀವೂ ಹಾಗಂತಿದ್ರೆ ಹುಡುಗ್ರನ್ನ ಆಮೇಲೆ ನೋಡೋಣ, ಮೊದಲು ನಿಮ್ಮನ್ನ ನೋಡ್ಕೊಳ್ಳಿ.

ನಿದ್ದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಮ್ಮ ಲೈನಲ್ಲಿ ನಿದ್ದೆಗೆಡೋದನ್ನ ದೊಡ್ಡಸ್ತಿಕೆ ಥರ ಹೇಳ್ಕೊಳ್ತೀವಿ. 2000ನೇ ಇಸವೀಲಿ ಬಂದ ಒಂದು ಸ್ಟಡೀಲಿ 17ರಿಂದ 19 ಗಂಟೆ ಎಚ್ಚರವಾಗಿದ್ದೋರನ್ನ ಟೆಸ್ಟ್ ಮಾಡಿದ್ರೆ ಕೆಲವು ಟೆಸ್ಟಲ್ಲಿ ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದೋರಷ್ಟೇ, ಇಲ್ಲಾಂದ್ರೆ ಅದಕ್ಕಿಂತ ಕಡೆ ಆಗಿತ್ತು ಅವರ ಚುರುಕು. ನಮ್ಮ ದೇಶದಲ್ಲಿ ಗಾಡಿ ಓಡಿಸೋಕೆ ಇರೋ ಮಿತಿನೇ 0.03%. ಯಾವನಾದ್ರೂ ಕುಡಿದು ಬಂದ್ರೆ ಗೇಟಲ್ಲೇ ವಾಪಸ್ ಕಳಿಸ್ತೀವಿ ಅಲ್ವಾ, ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದೂವರೆಗೆ ಕೊಟೇಶನ್ ಹಾಕೋ ಓನರ್‌ನ ಯಾರು ವಾಪಸ್ ಕಳಿಸ್ತಾರೆ? ದೊಡ್ಡೋರಿಗೆ ಏಳು ಗಂಟೆ ಬೇಕೇ ಬೇಕು. ನಾನು ಮಾಡಿದ್ದು ಎರಡೇ. ರಾತ್ರಿ ಒಂಬತ್ತಾದ್ಮೇಲೆ ರೇಟು, ಕೊಟೇಶನ್ನು, ಜಗಳದ ಮೇಲ್ ಯಾವ್ದೂ ಕಳಿಸಲ್ಲ, ಬರೆದಿಟ್ಟು ಬೆಳಿಗ್ಗೆ ಓದಿ ಕಳಿಸ್ತೀನಿ, ಅರ್ಧಕ್ಕರ್ಧ ಬೆಳಿಗ್ಗೆ ಅಳಿಸೇ ಬಿಡ್ತೀನಿ. ಇನ್ನೊಂದು, ಫ್ಯಾಕ್ಟರಿ ವಾಟ್ಸಾಪ್ ಗ್ರೂಪಲ್ಲಿ ರಾತ್ರಿ ಹೊತ್ತು ಮೆಸೇಜ್ ಹಾಕಲ್ಲ. ನೀವು ಹನ್ನೆರಡಕ್ಕೆ "ನಾಳೆ ನೋಡ್ರಪ್ಪ" ಅಂತ ಹಾಕಿದ್ರೂ ಸೂಪರ್‌ವೈಸರ್ ಹನ್ನೆರಡೂ ಐದಕ್ಕೆ ಓಕೆ ಸಾರ್ ಅಂತಾನೆ, ಅಂದ್ರೆ ಅವನೂ ಮಲಗಿಲ್ಲ, ನಾಳೆ ಅವನು ಆಪರೇಟರ್ ಮೇಲೆ ಹಾರ್ತಾನೆ. ಮಷೀನ್ ಕೆಟ್ರೆ, ಯಾರಿಗಾದ್ರೂ ಏಟಾದ್ರೆ ಫೋನ್ ಮಾಡಿ ಅಂದಿದ್ದೀನಿ, ಮಿಕ್ಕಿದ್ದೆಲ್ಲಾ ಬೆಳಿಗ್ಗೆ.

ಗಂಟೆ ಲೆಕ್ಕ ಹಾಕಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಆರು ದಿನ, 72 ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್ಒ) 2021ರಲ್ಲಿ ಹೇಳಿದ್ದು, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ, 35-40 ಗಂಟೆ ದುಡಿಯೋರಿಗೆ ಹೋಲಿಸಿದ್ರೆ, ಸ್ಟ್ರೋಕ್ ಅಪಾಯ ಅಂದಾಜು 35% ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯೋ ಅಪಾಯ 17% ಜಾಸ್ತಿ. ಸಣ್ಣ ಯೂನಿಟ್ ನಡೆಸೋರಿಗೆ 40 ಗಂಟೆ ಅನ್ನೋದು ಕನಸಿನ ಮಾತು, ನಂಗೂ ಗೊತ್ತು, ನಾನಿನ್ನೂ ಅರವತ್ತರ ಹತ್ರಾನೇ ಇದ್ದೀನಿ. ಆದ್ರೆ ಭಾನುವಾರ ಫ್ಯಾಕ್ಟರಿಗೆ ಹೋಗೋದು ಬಿಟ್ಟೆ. ಮೊದಲ ತಿಂಗಳು ಮನೇಲಿ ಕೂತ್ಕೊಂಡು ಸಿಸಿ ಕ್ಯಾಮೆರಾ ನೋಡ್ತಿದ್ದೆ, ಆಮೇಲೆ ಮಗಳು ಫೋನಿಂದ ಆ ಆಪ್ ತೆಗೆದ್ಬಿಟ್ಳು. ಈಗ ಬೆಳಿಗ್ಗೆ ಅಮಾನಿಕೆರೆ ಸುತ್ತ ಒಂದು ವಾಕ್, ಬರ್ತಾ ತಟ್ಟೆ ಇಡ್ಲಿ. ತಟ್ಟೆ ಇಡ್ಲಿ ಜೊತೆ ವಡೆ ತಿನ್ನಬೇಡಿ ಅಂತ ಡಾಕ್ಟ್ರು ಹೇಳಿದ್ದಾರೆ, ಅದೊಂದು ಇನ್ನೂ ಪಾಲಿಸೋಕಾಗಿಲ್ಲ.

ಬಿಪಿ, ಶುಗರ್ ಚೆಕ್ ಮಾಡ್ಸಿ. ನಂದು 150/100 ಇತ್ತು, 140/90 ದಾಟಿದ್ರೇನೇ ಜಾಸ್ತಿ ಅಂತ ಲೆಕ್ಕ. ತಲೆನೋವು ಬಂದ್ರೆ ಟೀ ಕುಡಿದು ಸುಮ್ನಾಗ್ತಿದ್ದೆ. ನೀವೊಬ್ರೇ ಮಾಡ್ಸೋ ಬದಲು ವರ್ಷಕ್ಕೊಂದು ದಿನ ಎಲ್ರಿಗೂ ಮಾಡ್ಸಿ, ಸಾಲಲ್ಲಿ ಮೊದಲು ನೀವೇ ತೋಳು ಚಾಚಿ ಕೂತ್ಕೊಳ್ಳಿ. ನಮ್ಮಲ್ಲಿ ಆಯುಧ ಪೂಜೆಗೆ ಮುಂಚಿನ ವಾರ ಇಟ್ಕೊಂಡಿದ್ದೀವಿ, ಮಷೀನ್ ತೊಳೆದು ಪೂಜೆ ಮಾಡ್ತೀವಿ, ಅದನ್ನ ಓಡಿಸೋರ್ದೂ ನೋಡೋಣ ಅಂತ.

ಊಟದ ಹೊತ್ತಲ್ಲಿ ಊಟ ಮಾಡಿ, ಕಣ್ಣಿಗೆ ಕಾಣೋ ಹಾಗೆ ಮಾಡಿ. 1948ರ ಫ್ಯಾಕ್ಟರೀಸ್ ಆಕ್ಟಲ್ಲೇ ಐದು ಗಂಟೆಗಿಂತ ಜಾಸ್ತಿ ಒಂದೇ ಸಮ ದುಡಿಸ್ಬಾರ್ದು, ಮಧ್ಯೆ ಕನಿಷ್ಠ ಅರ್ಧ ಗಂಟೆ ಬಿಡ್ಬೇಕು ಅಂತ ಬರೆದಿದ್ರು. ಆದ್ರೆ ಓನರ್ ಮುದ್ದೆ ನುಂಗ್ತಾ ಫೋನಲ್ಲಿ ಕಿರುಚ್ತಿದ್ರೆ ಆ ಅರ್ಧ ಗಂಟೇಲಿ ಯಾರಿಗೂ ಊಟ ಇಳಿಯಲ್ಲ. ನಾನೀಗ ಡಬ್ಬಿ ತಗೊಂಡು ಹೋಗಿ ಅವರ ಜೊತೆನೇ ಕೂತ್ಕೊಳ್ತೀನಿ, ಫೋನ್ ಕ್ಯಾಬಿನಲ್ಲಿ. ಮೊದಲ ವಾರ ಯಾರೂ ಮಾತಾಡ್ಲಿಲ್ಲ, ಬರೀ ಡಬ್ಬಿ ಮುಚ್ಚಳದ ಸದ್ದು, ಎರಡನೇ ವಾರ ಒಬ್ಬ ಉಪ್ಪಿನಕಾಯಿ ಬೇಕಾ ಸಾರ್ ಅಂದ.

ದಿನ ಸರಿ ಇಲ್ಲದಿದ್ರೆ ಹೇಳ್ಬಿಡಿ. "ರಾತ್ರಿ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ, ತಲೆ ಓಡ್ತಿಲ್ಲ, ರೇಗಿದ್ರೆ ಬೇಜಾರ್ ಮಾಡ್ಕೋಬೇಡಿ, ಆದ್ರೆ ಕೆಲಸದ ವಿಷಯ ಏನಿದ್ರೂ ಬಂದು ಹೇಳಿ." ಇಷ್ಟು ಸಾಕು, ಮನೆ ಕಥೆ ಪೂರ್ತಿ ಹೇಳೋದೇನೂ ಬೇಡ. ಹೇಳದಿದ್ರೆ ಪ್ರತಿಯೊಬ್ರೂ ನನ್ನಿಂದೇನಾಯ್ತೋ ಅಂತ ಒಳಗೊಳಗೇ ಲೆಕ್ಕ ಹಾಕ್ತಿರ್ತಾರೆ. ಆದ್ರೆ ದಿನಾ ಇದೇ ಹೇಳ್ತಿದ್ರೆ ಅದು ರೇಗೋಕೆ ಲೈಸೆನ್ಸ್ ತಗೊಂಡ ಹಾಗೆ, ಆಗ ರಜ ಹಾಕಿ.

ರಜದ ವಿಷಯ ಬಂತಲ್ಲ, ನೀವು ಜ್ವರ ಇಟ್ಕೊಂಡು ಬಂದ್ರೆ ಹುಡುಗ್ರೂ ಜ್ವರ ಇಟ್ಕೊಂಡು ಬರ್ತಾರೆ, ಮಾತ್ರೆ ನುಂಗಿ ಮಷೀನ್ ಮುಂದೆ ನಿಂತು ತೂಕಡಿಸ್ತಾರೆ. ಲೀವ್ ತಗೊಳ್ರೋ ಅಂತ ನೋಟಿಸ್ ಬೋರ್ಡಲ್ಲಿ ಹಾಕೋದ್ರಿಂದ ಏನೂ ಆಗಲ್ಲ.

ಕೆಟ್ಟ ಸುದ್ದಿ ತಂದೋರಿಗೆ ಹೇಳೋ ಮೊದಲನೇ ಮಾತು ರೂಢಿ ಮಾಡ್ಕೊಳ್ಳಿ. ನಂದು: "ಸರಿ, ಎಷ್ಟು ಪೀಸ್ ಆಯ್ತು, ಮಷೀನ್ ನಿಲ್ಸಿದ್ದೀಯಾ?" ಯಾರು ಮಾಡಿದ್ದು ಅನ್ನೋದು ಆಮೇಲೆ, ಬೇಕಾದ್ರೆ ಸಂಜೆ. ಸಿಟ್ಟು ಬರದೇ ಇರಲ್ಲ, ನಾನು ಎದ್ದು ನೀರು ಕುಡಿಯೋಕೆ ಹೋಗ್ತೀನಿ, ಕ್ಯಾನ್ ಕ್ಯಾಬಿನ್‌ನಿಂದ ದೂರ ಇಟ್ಟಿರೋದೇ ಅದಕ್ಕೆ. ಬೈದ್ಬಿಟ್ರೆ, ಎಲ್ರೆದುರಿಗೆ ಬೈದಿದ್ದಕ್ಕೆ ಎಲ್ರೆದುರಿಗೇ ತಪ್ಪಾಯ್ತು ಅನ್ನಿ. ಆ ಹೆಲ್ಪರ್ ಹುಡುಗಂಗೆ ಕ್ಯಾಬಿನ್‌ಗೆ ಕರೆದು ಸಾರಿ ಅಂದೆ, ಅದು ತಪ್ಪಾಯ್ತು ಅಂತ ಈಗನ್ಸುತ್ತೆ, ಹೊರಗಿದ್ದೋರು ಇನ್ನೂ ಬೈಸಿಕೊಂಡ ಅಂತಾನೇ ಅಂದ್ಕೊಂಡ್ರು.

ನಿಮ್ಮ ಮುಖವನ್ನೇ ನಂಬ್ಕೊಂಡಿರೋ ರೂಲ್‌ಗಳನ್ನ ತೆಗೆದ್ಹಾಕಿ. ವಾಕಿಂಗ್ ಮಾಡಿದ್ರೂ, ನಿದ್ದೆ ಮಾಡಿದ್ರೂ ಕೆಟ್ಟ ದಿನ ಬಂದೇ ಬರುತ್ತೆ. ಮಾಸ್ಟರ್ ಗೇಜ್ ಬೀರು ಈಗ ಕ್ಯೂಸಿ ಟೇಬಲ್ ಪಕ್ಕದಲ್ಲಿ, ಕೀ ಅವಳ ಹತ್ರ. ಸಂಶಯ ಬಂದ್ರೆ ಮಷೀನ್ ಅವಳೇ ನಿಲ್ಲಿಸ್ಬೋದು, ನಾನಿದ್ರೂ ಇಲ್ಲದಿದ್ರೂ.

ಒಂದು ಎಚ್ಚರಿಕೆ, ಸಂಬಳ ಲೇಟ್ ಮಾಡಿ, ಟಾಯ್ಲೆಟ್‌ಗೆ ನೀರು ಬಿಡದೆ, ನಾನು ಧ್ಯಾನ ಮಾಡ್ತೀನಿ ನಗ್ತಾ ಇರ್ತೀನಿ ಅಂದ್ರೆ ಜನ ಹಿಂದೆ ಆಡ್ಕೋತಾರೆ. ಇನ್ನು ನಿದ್ದೆನೇ ಬರ್ತಿಲ್ಲ, ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಇಂಥ ಟಿಪ್ಸ್ ಸಾಲಲ್ಲ, ಡಾಕ್ಟ್ರ ಹತ್ರ ಹೋಗಿ, ಇಲ್ಲಾಂದ್ರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ. 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ನಂಬರ್ ನಮ್ಮ ಟೈಮ್ ಆಫೀಸ್ ಗೋಡೆ ಮೇಲೂ ಬರೆಸಿದ್ದೀನಿ, ಬರೆಸೋಕ್ ಮುಂಚೆ ನಾನೇ ಒಂದ್ಸಲ ಮಾಡಿ ಮಾತಾಡಿದ್ದೆ.

ಕೊನೇದು, ಲೆಕ್ಕ ಇಡಿ. ತಪ್ಪಾಗಿದ್ದು ಎಷ್ಟೊತ್ತಿಗೆ, ನಿಮಗೆ ಗೊತ್ತಾಗಿದ್ದು ಎಷ್ಟೊತ್ತಿಗೆ, ಎರಡೇ ಕಾಲಂ. ಆ ದಿನ ನಮ್ಮದು ನಾಲ್ಕೂವರೆ ಗಂಟೆ ಇತ್ತು, ಈಗ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ, ಆದ್ರೆ ಸೆಕೆಂಡ್ ಶಿಫ್ಟಲ್ಲಿ ಇನ್ನೂ ಎರಡು ಗಂಟೆ ತನಕ ಎಳೀತಿದೆ, ಅಲ್ಲಿ ಸೂಪರ್‌ವೈಸರ್‌ಗೆ ನಿದ್ದೆ ಸಾಲ್ತಿಲ್ಲ ಅನ್ಸುತ್ತೆ, ಈ ವಾರ ಅವನ ಜೊತೆ ಕೂತು ಮಾತಾಡ್ಬೇಕು. ಬೇರೆ ಬುಕ್ ಏನೂ ಬೇಡ, ರಿಜೆಕ್ಷನ್ ಟ್ಯಾಗ್ ಹಿಂದೇನೇ ಪೆನ್ನಲ್ಲಿ ಬರೆದ್ರೆ ಆಯ್ತು, ಮಾರ್ಕರಲ್ಲಿ ಬರೀಬೇಡಿ, ಮಷೀನ್ ತಣ್ಣಗಿಡೋಕೆ ಬಿಡೋ ಕೂಲಂಟ್ ಬಿದ್ರೆ ಅಳಿಸೋಗುತ್ತೆ.