ಜಕ್ಕವಕ್ಕಿಯ ಸಿನಿಮಾ, ಮಹಡಿಯ ನೋಡುಗರು

ದುರ್ಗದ ಗಾಳಿಗೆ ಮಹಡಿಯ ಮೇಲೆ ಕಟ್ಟಿದ ಬಿಳಿ ಪಂಚೆ ಉಬ್ಬುತ್ತದೆ. ಪಂಚೆ ಉಬ್ಬಿದರೆ ಅದರ ಮೇಲೆ ಓಡುವ ಕುದುರೆಯ ಹೊಟ್ಟೆಯೂ ಉಬ್ಬುತ್ತದೆ, ನಾಯಕಿಯ ಮುಖ ಒಂದು ಕಡೆಗೆ ಎಳೆದಂತಾಗುತ್ತದೆ. ಹಾಗಾಗಿ ನಾನು ಮೊದಲು ಕಲಿತದ್ದು ಪಂಚೆಯ ಕೆಳಗಿನ ಅಂಚಿಗೆ ಬಿದಿರಿನ ಗಳ ಸೇರಿಸಿ ಹೊಲಿದು, ಅದಕ್ಕೆ ನಾಲ್ಕು ಇಟ್ಟಿಗೆ ಇಳಿಬಿಡುವುದನ್ನು. ಉಳಿದ ಸಿದ್ಧತೆ ಹೆಚ್ಚೇನಿಲ್ಲ. ಬಾಡಿಗೆಯ ಪ್ರೊಜೆಕ್ಟರ್, ಎರಡು ಸ್ಪೀಕರ್, ಚಾಪೆಗಳು, ಒಂದು ದೊಡ್ಡ ಬುಟ್ಟಿ ಒಗ್ಗರಣೆ ಮಂಡಕ್ಕಿ.

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ತಿಂಗಳಿಗೊಂದು ಶನಿವಾರ ರಾತ್ರಿ ನೆರೆಹೊರೆಯವರನ್ನು ಕೂರಿಸಿಕೊಂಡು ಬೇರೆ ಭಾಷೆಯ ಒಂದು ಸಿನಿಮಾ ತೋರಿಸುತ್ತೇನೆ, ಮಾತುಗಳನ್ನು ಅಲ್ಲಲ್ಲೇ ಕನ್ನಡದಲ್ಲಿ ಹೇಳುತ್ತೇನೆ, ನೋಡಿದವರು ಏನೆಂದರು ಎಂಬುದನ್ನು ಉದ್ದ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಆ ಬರೆದಿಡುವ ಕೆಲಸ ನನಗೆ ಹಿಡಿತಕ್ಕೆ ಬಂದದ್ದು 1985ರ ‘ಲೇಡಿಹಾಕ್’ ತೋರಿಸಿದಾಗ.

ಆ ಸಿನಿಮಾವನ್ನು ನಾನು ಮೊದಲು ನೋಡಿದ್ದು ದಾವಣಗೆರೆಯಲ್ಲಿ ಓದುತ್ತಿದ್ದಾಗ, ಗೆಳತಿಯ ಮನೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ. ನಿರ್ದೇಶಕ ರಿಚರ್ಡ್ ಡಾನರ್. ಕಥೆ ಮಧ್ಯಯುಗದ ಯುರೋಪಿನದು. ಅಕ್ವಿಲಾ ಎಂಬ ಊರಿನ ಬಿಷಪ್‌ಗೆ ಇಸಾಬೋ ಎಂಬ ಹೆಣ್ಣಿನ ಮೇಲೆ ಕಣ್ಣು. ಅವಳು ಒಲಿದದ್ದು ಕಾವಲುಪಡೆಯ ನಾಯಕ ನವಾರ್‌ಗೆ. ಗುಟ್ಟು ತಿಳಿದ ಬಿಷಪ್ ದುಷ್ಟಶಕ್ತಿಯ ಮೊರೆಹೊಕ್ಕು ಇಬ್ಬರಿಗೂ ಶಾಪ ಹಾಕಿಸುತ್ತಾನೆ. ಹಗಲಿಡೀ ಅವಳು ಗಿಡುಗ, ರಾತ್ರಿಯಿಡೀ ಅವನು ತೋಳ. ಅವಳು ಮನುಷ್ಯಳಾಗುವ ಹೊತ್ತಿಗೆ ಅವನು ಮೃಗವಾಗಿರುತ್ತಾನೆ. ಇಬ್ಬರೂ ಸದಾ ಜೊತೆಯಲ್ಲೇ ಅಲೆಯುತ್ತಾರೆ, ಒಬ್ಬರ ಮುಖ ಒಬ್ಬರು ಕಾಣುವುದಿಲ್ಲ. ನಡುವೆ ಸಿಕ್ಕಿಕೊಂಡವನು ಫಿಲಿಪ್ ಎಂಬ ಕಳ್ಳ ಹುಡುಗ. ಹಗಲು ಅವನೊಡನೆ ಮಾತು, ರಾತ್ರಿ ಇವಳೊಡನೆ ಮಾತು.

ಅದುವರೆಗೆ ನಾನು ಅಭಿಪ್ರಾಯ ಕೇಳುತ್ತಿದ್ದ ರೀತಿ ಹೀಗಿತ್ತು: ಸಿನಿಮಾ ಮುಗಿದ ಕೂಡಲೇ ಎಲ್ಲರ ಕೈಗೂ ಒಂದು ಚೀಟಿ, ‘ಸಿನಿಮಾ ಹೇಗಿತ್ತು?’ ಎಂಬ ಪ್ರಶ್ನೆ. ಬರುತ್ತಿದ್ದ ಉತ್ತರಗಳು ‘ಚೆನ್ನಾಗಿತ್ತು’, ‘ತುಂಬಾ ಚೆನ್ನಾಗಿತ್ತು’. ಮಂಡಕ್ಕಿ ತಿಂದು, ಚಾಪೆಯ ಮೇಲೆ ಕೂತು ನೋಡಿದವರು ಮನೆಯೊಡತಿಗೆ ಇನ್ನೇನು ಬರೆದುಕೊಟ್ಟಾರು? ಈ ಸಲ ಚೀಟಿ ಬಿಟ್ಟೆ. ಒಂದು ವಾರ ಸುಮ್ಮನಿದ್ದು, ಆಮೇಲೆ ಸಿಕ್ಕಸಿಕ್ಕಲ್ಲಿ ಒಂದೇ ಪ್ರಶ್ನೆ ಕೇಳಿದೆ: ‘ಮನೆಗೆ ಹೋಗಿ ಯಾವ ದೃಶ್ಯವನ್ನು ಹೇಳಿದಿರಿ?’

ಹೆಚ್ಚಿನವರು ಹೇಳಿದ್ದು ನಾನು ಎಣಿಸಿಯೇ ಇರದಿದ್ದ ದೃಶ್ಯ. ಸಿನಿಮಾದ ಆರಂಭದಲ್ಲಿ ಫಿಲಿಪ್ ಸೆರೆಮನೆಯ ಚರಂಡಿಯಲ್ಲಿ ಮೈ ತೂರಿಸಿ, ಕೆಸರಲ್ಲಿ ತೆವಳಿ ಪಾರಾಗುತ್ತಾನೆ. ಅದನ್ನು ನೋಡುವಾಗ ಮಹಡಿಯಲ್ಲಿ ಒಬ್ಬರಲ್ಲ ಒಬ್ಬರು ‘ಕಿಂಡಿ, ಕಿಂಡಿ’ ಎಂದರು. ಓಬವ್ವನ ಕಿಂಡಿಯ ಊರಿನವರು ನಾವು. ಕೋಟೆಗೆ ಬಂದ ನೆಂಟರನ್ನೆಲ್ಲ ಆ ಸಂದಿನಲ್ಲಿ ಬಗ್ಗಿಸಿ ನುಗ್ಗಿಸಿದವರು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸಿದ್ದನ್ನೂ ಒನಕೆಯ ಏಟನ್ನೂ ಮಕ್ಕಳಿಗೆ ಅಭಿನಯಿಸಿ ತೋರಿಸಿದವರು. ಕಿಂಡಿಯಲ್ಲಿ ಬರುವವನು ಹಗೆ ಎಂದೇ ನಮ್ಮ ಲೆಕ್ಕ. ಕೊನೆಯಲ್ಲಿ ಫಿಲಿಪ್ ಅದೇ ನೀರುದಾರಿಯಲ್ಲಿ ಊರೊಳಗೆ ನುಸುಳಿ ನವಾರ್‌ಗೆ ಬಾಗಿಲು ತೆರೆದಾಗ ಹತ್ತನೇ ತರಗತಿಯ ಹುಡುಗನೊಬ್ಬ ಎದ್ದುನಿಂತು ಚಪ್ಪಾಳೆ ತಟ್ಟಿದ. ಕಿಂಡಿಯಲ್ಲಿ ಒಳ್ಳೆಯವನು ಬಂದದ್ದನ್ನು ಅವನು ನೋಡಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದ.

ದೊಡ್ಡ ಚರ್ಚೆ ಎದ್ದದ್ದು ಒಂದು ಪದದ ಮೇಲೆ. ನಾನು ‘ಶಾಪ’ ಎಂದು ಅನುವಾದಿಸಿದ್ದೆ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತರ ಮೇಲಾಯಿತು, ಹರಿಕಥೆ, ಪುರಾಣ ಪ್ರವಚನ ಒಂದನ್ನೂ ಬಿಟ್ಟವರಲ್ಲ. ಸೋಮವಾರ ಬೆಳಿಗ್ಗೆ ನಾನು ರಂಗೋಲಿ ಇಡುತ್ತಿದ್ದಾಗ ಗೇಟಿನ ಬಳಿ ಬಂದು ನಿಂತರು.

‘ಶಾಪ ತಟ್ಟಬೇಕಾದರೆ ತಪ್ಪು ಇರಬೇಕಲ್ಲ ಮಗಳೇ? ಅಹಲ್ಯೆಯದೂ ಒಂದು ತಪ್ಪು ಅಂದರು, ಶಕುಂತಲೆಯದೂ ಒಂದು ಮರೆವು ಅಂದರು. ಈ ಹುಡುಗಿ ಏನು ಮಾಡಿದಳು?’

‘ಏನೂ ಮಾಡಿಲ್ಲ ಅಜ್ಜಿ. ಆ ಬಿಷಪ್‌ಗೆ ಹೊಟ್ಟೆಕಿಚ್ಚು.’

‘ಹಾಗಾದರೆ ಅದು ಶಾಪವಲ್ಲ, ಮಾಟ. ನೀನು ತಪ್ಪು ಹೇಳಿದ್ದೀಯ.’

ಅವರು ಹೇಳಿದ್ದು ಸರಿ. ಶಾಪ ಎಂದ ಕೂಡಲೇ ನಮ್ಮ ಮನಸ್ಸು ತಪ್ಪಿತಸ್ಥರನ್ನು ಹುಡುಕಲು ಹೊರಡುತ್ತದೆ, ವಿಮೋಚನೆಗೆ ಪಶ್ಚಾತ್ತಾಪ ಬೇಕು ಎಂದುಕೊಳ್ಳುತ್ತದೆ. ಈ ಕಥೆಯಲ್ಲಿ ಪಶ್ಚಾತ್ತಾಪ ಪಡುವವನು ಪ್ರೇಮಿಗಳಲ್ಲಿ ಯಾರೂ ಅಲ್ಲ, ಇಂಪೀರಿಯಸ್ ಎಂಬ ಮುದಿ ಸನ್ಯಾಸಿ. ಕುಡಿದ ಅಮಲಿನಲ್ಲಿ ಅವರ ಗುಟ್ಟನ್ನು ಬಿಷಪ್‌ನ ಮುಂದೆ ಬಾಯಿಬಿಟ್ಟವನು ಅವನು. ಅಂದಿನಿಂದ ಬೆಟ್ಟದ ಮೇಲಿನ ಪಾಳುಕೋಟೆಯಲ್ಲಿ ಒಬ್ಬನೇ ಕೂತು ಪರಿಹಾರ ಹುಡುಕುತ್ತಿರುತ್ತಾನೆ. ಅಜ್ಜಿಯ ಮಾತು ಕೇಳಿದ ಮೇಲೆ ಆ ಸನ್ಯಾಸಿಯ ಪಾತ್ರವೇ ನನಗೆ ದೊಡ್ಡದಾಗಿ ಕಂಡಿತು. ನೋಟುಬುಕ್ಕಿನಲ್ಲಿ ‘ಶಾಪ’ ಹೊಡೆದುಹಾಕಿ ‘ಮಾಟ’ ಎಂದು ಬರೆದೆ.

ಆ ಪಾಳುಕೋಟೆ ಇಟಲಿಯ ಅಬ್ರುಝೋ ಪ್ರಾಂತ್ಯದ ರೊಕ್ಕಾ ಕಲಾಶಿಯೋ. ಸುಮಾರು 1,460 ಮೀಟರ್ ಎತ್ತರದಲ್ಲಿದೆ. ಬೋಳು ಬೆಟ್ಟ, ಬಿಳಿಕಲ್ಲಿನ ಬುರುಜು. ಅದು ತೆರೆಯ ಮೇಲೆ ಬಂದಾಗ ನಮ್ಮವರು ಕಲ್ಲನ್ನು ನೋಡಿದ ರೀತಿಯೇ ಬೇರೆ. ‘ಗಾರೆ ಹಾಕಿದ್ದಾರೆ, ನಮ್ಮಲ್ಲಿ ಬಂಡೆಗೆ ಬಂಡೆ ಕೂರಿಸಿದ್ದಾರೆ’ ಎಂದು ಗಾರೆ ಕೆಲಸದವರೊಬ್ಬರು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಛಾಯಾಗ್ರಾಹಕ ವಿಟ್ಟೋರಿಯೋ ಸ್ಟೊರಾರೋ ಆ ಬೆಟ್ಟಗಳ ಮೇಲೆ ಮುಳುಗುವ ಸೂರ್ಯನನ್ನು ಹಿಡಿದಿರುವ ಪರಿ ಎಷ್ಟು ಹೇಳಿದರೂ ಸಾಲದು. ಈ ಕಥೆಯಲ್ಲಿ ಸೂರ್ಯಾಸ್ತವೆಂದರೆ ಬರೀ ಅಂದವಲ್ಲ, ಒಬ್ಬರು ಹೋಗಿ ಇನ್ನೊಬ್ಬರು ಬರುವ ಗಳಿಗೆ. ನಮ್ಮ ಮಹಡಿಯಿಂದ ಕಾಣುವ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಹೊತ್ತಿಕೊಳ್ಳುವ ಹೊತ್ತಿಗೇ ನಾನು ಸಿನಿಮಾ ಶುರುಮಾಡಿದ್ದೆ, ಅದು ಚೆನ್ನಾಗಿ ಕೂಡಿಬಂತು.

ಸಂಗೀತದ ವಿಷಯದಲ್ಲಿ ಜಗಳವೇ ಆಯಿತು. ಆಂಡ್ರ್ಯೂ ಪವೆಲ್ ಮಾಡಿರುವ ಸಂಗೀತದಲ್ಲಿ ರಾಕ್ ಡ್ರಮ್ಮು, ಸಿಂಥಸೈಜರ್ ಇವೆ. ಕತ್ತಿ ಹಿಡಿದ ನವಾರ್ ಕಪ್ಪು ಕುದುರೆ ಏರಿ ಬರುವಾಗ ಆ ಸದ್ದು ನನಗೆ ಕಿರಿಕಿರಿ. ಕಾಲೇಜಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. ‘ಮದಕರಿ ನಾಯಕರ ಕಾಲದ ಕಥೆಗೆ ಇಪ್ಪತ್ತು ಪಿಟೀಲು ಒಟ್ಟಿಗೆ ಬಾರಿಸಿದರೆ ಯಾರೂ ಕೇಳುವುದಿಲ್ಲ ಟೀಚರ್. ಆಗ ದುರ್ಗದಲ್ಲಿ ಅಷ್ಟು ಪಿಟೀಲು ಇತ್ತೇ?’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಆ ಡ್ರಮ್ಮು ನನಗೆ ಇಂದಿಗೂ ಸೇರುವುದಿಲ್ಲ. ಎರಡು ಅಭಿಪ್ರಾಯವನ್ನೂ ಅಕ್ಕಪಕ್ಕದಲ್ಲಿ ಬರೆದಿದ್ದೇನೆ.

ಗ್ರಹಣದ ಬಗ್ಗೆ ಮನೆಮನೆಯಲ್ಲೂ ಮಾತಾಗಿತ್ತು. ಹಗಲಿಲ್ಲದ ರಾತ್ರಿ, ರಾತ್ರಿಯಿಲ್ಲದ ಹಗಲು ಬಂದಾಗ ಇಬ್ಬರೂ ಮನುಷ್ಯರಾಗಿ ಬಿಷಪ್‌ನ ಎದುರು ನಿಂತರೆ ಮಾಟ ಕಳಚುತ್ತದೆ ಎಂದು ಸನ್ಯಾಸಿ ಕಂಡುಕೊಳ್ಳುತ್ತಾನೆ. ಅದು ಸೂರ್ಯಗ್ರಹಣ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಲೆ ಹಚ್ಚಿದವರಿಲ್ಲ, ನೀರಿನ ಕೊಡಕ್ಕೆಲ್ಲ ದರ್ಭೆ ಹಾಕಿದ್ದರು. ಅಂಥವರಿಗೆ ಗ್ರಹಣದಲ್ಲಿ ಒಳ್ಳೆಯದಾಗುವ ಕಥೆ ಹಿಡಿಸಲಾರದು ಎಂದು ನಾನು ಭಾವಿಸಿದ್ದೆ. ಆದರೆ ಗ್ರಹಣಕಾಲದ ಜಪಕ್ಕೆ ಫಲ ಹೆಚ್ಚು, ಮಾಟ ಬಿಡಿಸಲು ಅದೇ ಸರಿಯಾದ ಹೊತ್ತು ಎಂದು ಅವರೇ ನನಗೆ ತಿಳಿಸಿ ಹೇಳಿದರು.

ಕುರಿ ಸಾಕುವ ಒಬ್ಬ ಹಿರಿಯರು ಹಿರಿಯೂರು ಕಡೆಯಿಂದ ಮಗಳ ಮನೆಗೆ ಬಂದಿದ್ದರು, ಅವರೂ ಸಿನಿಮಾಕ್ಕೆ ಕೂತಿದ್ದರು. ತೋಳಗಳನ್ನು ಕೊಂದು ಕುದುರೆಗೆ ನೇತುಹಾಕಿಕೊಂಡು ತಿರುಗುವ ಬೇಟೆಗಾರನೊಬ್ಬ ಈ ಕಥೆಯಲ್ಲಿದ್ದಾನೆ. ಅವನು ತಾನು ಇಟ್ಟ ಬೋನಿಗೇ ತಲೆಕೊಟ್ಟು ಸಾಯುತ್ತಾನೆ. ‘ಹೋದ ವರ್ಷ ತೋಳ ನನ್ನ ಏಳು ಮರಿ ಹೊತ್ತುಕೊಂಡು ಹೋಯಿತು ತಾಯಿ’ ಎಂದರು ಆ ಹಿರಿಯರು. ‘ಆದರೂ ಅವನು ಸತ್ತಾಗ ನನಗೆ ಉಸಿರು ಬಂದಂತಾಯಿತು.’ ಮಂಜುಗಟ್ಟಿದ ಕೆರೆಯೊಡೆದು ತೋಳ ನೀರಿಗೆ ಬೀಳುವುದನ್ನು ಅವರು ಎರಡು ಸಲ ಕೇಳಿ ತಿಳಿದುಕೊಂಡರು. ನೀರು ನಡೆದಾಡುವಷ್ಟು ಗಟ್ಟಿಯಾಗುವುದು ಹೇಗೆಂದು ವಿವರಿಸಲು ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದೆ.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಆ ಮಂಜಿನ ರಾತ್ರಿ ಕಳೆದು ಬೆಳಗಾಗುವಾಗ ಒಂದು ದೃಶ್ಯವಿದೆ. ತೋಳ ಮನುಷ್ಯನಾಗುತ್ತಿದೆ, ಹೆಣ್ಣು ಇನ್ನೂ ಹೆಣ್ಣಾಗಿಯೇ ಇದ್ದಾಳೆ. ಕಣ್ಣೆವೆ ಇಕ್ಕುವಷ್ಟು ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಕಾಣುತ್ತಾರೆ. ಕೈ ಚಾಚುತ್ತಾರೆ. ಬೆರಳಿಗೆ ಬೆರಳು ತಾಗುವ ಮೊದಲೇ ಅವಳು ರೆಕ್ಕೆ ಬಡಿದು ಮೇಲೇಳುತ್ತಾಳೆ. ಅಲ್ಲಿ ಅವರು ಮಾತೇ ಆಡುವುದಿಲ್ಲ, ಮಾತಾಡಿದವಳು ನಾನು! ‘ಈಗ ಸೂರ್ಯ ಹುಟ್ಟುತ್ತಿದ್ದಾನೆ, ಇಬ್ಬರೂ ನೋಡುತ್ತಿದ್ದಾರೆ’ ಎಂದು ಒಂದೇ ಸಮನೆ ವಿವರಿಸುತ್ತಿದ್ದೆ.

ನಿವೃತ್ತ ಕನ್ನಡ ಪಂಡಿತರೊಬ್ಬರು ಮೆಟ್ಟಿಲಿಳಿಯುವಾಗ ನನ್ನನ್ನು ಪಕ್ಕಕ್ಕೆ ಕರೆದರು. ‘ಇದು ಜಕ್ಕವಕ್ಕಿಯ ಕಥೆಯಮ್ಮ’ ಎಂದರು. ‘ರಾತ್ರಿಯಾದರೆ ಹೊಳೆಯ ಆ ದಡದಲ್ಲಿ ಒಂದು, ಈ ದಡದಲ್ಲಿ ಒಂದು. ನಮ್ಮ ಕವಿಗಳು ಅವಕ್ಕೆ ಹಗಲನ್ನಾದರೂ ಉಳಿಸಿದ್ದರು. ಇವರು ಅದನ್ನೂ ಕಿತ್ತುಕೊಂಡಿದ್ದಾರೆ. ಅಷ್ಟು ಕಿತ್ತುಕೊಂಡು ಒಂದು ಗಳಿಗೆ ಕೊಟ್ಟರಲ್ಲ, ಅಲ್ಲಿ ನೀವು ಸುಮ್ಮನಿರಬೇಕಿತ್ತು.’ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನ ನನ್ನ ಕನ್ನಡ ಮಾತುಗಳ ಪ್ರತಿಯನ್ನು ತೆಗೆದುಕೊಂಡು ಕೂತೆ. ಮುಖ ನೋಡಿದರೆ ತಿಳಿಯುವಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಹನ್ನೊಂದು ಪುಟ ಇದ್ದದ್ದು ಆರಕ್ಕೆ ಇಳಿಯಿತು. ಆದರೆ ಫಿಲಿಪ್‌ನ ಮಾತನ್ನು ಮಾತ್ರ ಕಡಿಮೆ ಮಾಡಲಿಲ್ಲ. ಅವನು ರಾತ್ರಿ ಇಸಾಬೋಳಿಗೆ ‘ನಾಯಕರು ನಿಮ್ಮ ಬಗ್ಗೆ ಹೀಗೆಂದರು’ ಎಂದು ಇಲ್ಲದ ಸವಿಮಾತನ್ನು ಸೇರಿಸಿ ಮುಟ್ಟಿಸುತ್ತಾನೆ. ಆ ಮಾತುಗಳು ಕನ್ನಡದಲ್ಲಿ ಪೂರ್ತಿ ಬರದಿದ್ದರೆ ಕಥೆಯ ಬೆಲ್ಲವೇ ಹೋಗುತ್ತದೆ.

ಎರಡು ತಿಂಗಳ ಬಳಿಕ ಅದೇ ಸಿನಿಮಾವನ್ನು ಮತ್ತೆ ತೋರಿಸಿದೆ. ಮೊದಲ ಸಲ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ಬಂದರು. ಆ ಬೆಳಗಿನ ದೃಶ್ಯ ಬಂತು. ನಾನು ತುಟಿ ಬಿಚ್ಚಲಿಲ್ಲ. ಇಟ್ಟಿಗೆ ಗೋಡೆಗೆ ತಾಗುವ ಟಕ್ ಟಕ್ ಸದ್ದು ಬಿಟ್ಟರೆ ಮಹಡಿಯಲ್ಲಿ ಬೇರೆ ಸದ್ದಿರಲಿಲ್ಲ.

ಈ ಸಲ ಹೊಸದಾಗಿ ಬಂದವರಲ್ಲಿ ನಮ್ಮ ಬೀದಿಗೆ ಹೂವು ತರುವ ಹೆಂಗಸೂ ಇದ್ದರು. ವಾರವಾದ ಮೇಲೆ ಮಾಮೂಲಿನಂತೆ ಸೇವಂತಿಗೆ ಅಳೆಯುತ್ತಿದ್ದಾಗ ಕೇಳಿದೆ, ಯಾವ ದೃಶ್ಯ ಮನೆಯಲ್ಲಿ ಹೇಳಿದಿರಿ ಎಂದು. ಮೊಳಕೈಯವರೆಗೆ ಹಿಡಿದಿದ್ದ ಮಾಲೆಯನ್ನು ಹಾಗೇ ನಿಲ್ಲಿಸಿದರು.

‘ಯಾರಿಗೆ ಹೇಳಲಿ ಅಕ್ಕ? ನಮ್ಮ ಯಜಮಾನರು ರಾತ್ರಿ ಬಸ್ಸು ಓಡಿಸುತ್ತಾರೆ. ಅವರು ಬೆಳಿಗ್ಗೆ ಬರುವ ಹೊತ್ತಿಗೆ ನಾನು ಹೂವಿನ ಮಾರುಕಟ್ಟೆಯಲ್ಲಿರುತ್ತೇನೆ. ನಾನು ಬರುವ ಹೊತ್ತಿಗೆ ಅವರಿಗೆ ಮತ್ತೆ ಪಾಳಿ.’ ಮಾಲೆಯನ್ನು ಇನ್ನೊಂದು ಮೊಳ ಎಳೆದರು. ‘ಅವರಿಬ್ಬರೂ ಕೊನೆಯಲ್ಲಿ ತಬ್ಬಿಕೊಂಡರಲ್ಲ, ಆಮೇಲೆ ಮೊದಲು ಏನು ಮಾತಾಡಿದರು ಅಕ್ಕ? ಅದನ್ನು ತೋರಿಸಲೇ ಇಲ್ಲ.’

ಮುಂದಿನ ತಿಂಗಳು ಅವರ ಯಜಮಾನರಿಗೆ ವಾರದ ರಜೆ ಇರುವ ಶನಿವಾರ ಯಾವುದೆಂದು ಕೇಳಿಕೊಂಡು, ಆ ದಿನಕ್ಕೇ ಪ್ರೊಜೆಕ್ಟರ್ ಹೇಳಿಬಂದೆ.