ಅಚ್ಚಿನಿಂದ ಎದ್ದು ಬಂದ ಸೆರೆಸ್ ದೇವಿ

ಸೆರೆಸ್ ಅಂದರೆ ರೋಮನ್ನರ ಬೆಳೆಯ ದೇವಿ. ನಾನು ಮಣ್ಣಿನಲ್ಲಿ ಮಾಡಿದ ಅವಳ ಉಬ್ಬುಚಿತ್ರಕ್ಕೆ ಸ್ಫೂರ್ತಿ, ರೋಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಒಂದು ಸುಟ್ಟ ಮಣ್ಣಿನ ಫಲಕ. ಅದರಲ್ಲಿ ಅವಳು ನೆಲದಿಂದ ಮೇಲೇಳುತ್ತಿದ್ದಾಳೆ. ಎತ್ತಿದ ಕೈಗಳಲ್ಲಿ ಗೋಧಿ ತೆನೆ, ಗಸಗಸೆ ಕಾಯಿ, ಎರಡೂ ಬದಿಗೆ ಹಾವು.

ಇಂಥವಕ್ಕೆ ಕಂಪಾನಾ ಫಲಕ ಅನ್ನುತ್ತಾರೆ. 19ನೇ ಶತಮಾನದಲ್ಲಿ ಇವನ್ನು ಕೂಡಿಹಾಕಿದ ಜಂಪಿಯೆತ್ರೊ ಕಂಪಾನಾ ಅವರಿಂದ ಆ ಹೆಸರು ಬಂತು. ಕ್ರಿ.ಪೂ. 1ನೇ ಶತಮಾನದಿಂದ ಕ್ರಿ.ಶ. 2ನೇ ಶತಮಾನದವರೆಗೆ ರೋಮಿನ ಸುತ್ತಮುತ್ತ ಇವನ್ನು ಅಚ್ಚಿನಲ್ಲಿ ಒತ್ತಿ, ಸುಟ್ಟು, ಕಟ್ಟಡಗಳಿಗೆ ಸಾಲಾಗಿ ಮೊಳೆ ಹೊಡೆದು ಕೂರಿಸುತ್ತಿದ್ದರು. ಅಚ್ಚಿನ ಕೆಲಸ ಅಂದರೆ ಕೆಲವರಿಗೆ ತಾತ್ಸಾರ. ನನಗೆ ಹಾಗನ್ನಿಸುವುದಿಲ್ಲ. ಅಚ್ಚು ಕೊಡುವುದು ಮೈಕಟ್ಟು ಮಾತ್ರ, ಮುಖಕ್ಕೆ ಜೀವ ಬರುವುದು ಆಮೇಲೆ ಕೈಯಿಂದ ತಿದ್ದಿದಾಗಲೇ.

ಮೊದಲು ಅಚ್ಚು ತೆಗೆಯಲು ಜೇಡಿಮಣ್ಣಿನಲ್ಲಿ ಮೂಲ ಮಾದರಿ ಮಾಡಿಕೊಂಡೆ. ನನ್ನ ಮಣ್ಣು ಒಣಗಿ ಸುಟ್ಟ ಮೇಲೆ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ, ಹಾಗಾಗಿ 30 ಸೆಂ.ಮೀ. ಫಲಕ ಬೇಕಾದರೆ ಮೂಲ ಸುಮಾರು 33.3 ಸೆಂ.ಮೀ. ಇರಬೇಕು. ಮೂಗು, ಗಲ್ಲ, ತೆನೆಯ ಕಾಳು, ಹಾವಿನ ಸುರುಳಿ, ಇವುಗಳ ಅಂಚು ಎಲ್ಲೂ ಒಳಕ್ಕೆ ಮಡಚಿರಬಾರದು. ಮಡಚಿದ್ದರೆ ಅಚ್ಚು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಎಳೆದರೆ ಮೂಗೇ ಕಿತ್ತು ಬರುತ್ತದೆ. ಅದಕ್ಕೇ ತೆನೆಗಳನ್ನು ಬಿಡಿಬಿಡಿಯಾಗಿ ಎಬ್ಬಿಸದೆ ಹಿನ್ನೆಲೆಗೆ ಒರಗಿಸಿದೆ.

ಆ ಮೂಲದಿಂದ ತೆಗೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ಚೆನ್ನಾಗಿ ಒಣಗಿದ ಮೇಲೆ ಅದರೊಳಗೆ ಮಣ್ಣು ಒತ್ತಿದೆ. ಸುಟ್ಟ ಮಣ್ಣಿನ ಸಣ್ಣ ಪುಡಿ ಬೆರೆಸಿದ್ದೆ, ಬಿರುಕು ಕಡಿಮೆ ಆಗುತ್ತದೆ. ಮೊದಲು ಮುಖದ ಗುಳಿಗೆ ಚಿಕ್ಕ ಉಂಡೆ, ಆಮೇಲೆ ಉಳಿದ ಜಾಗಕ್ಕೆ. ತಲೆಯ ಹಿಂದೆ ಮಣ್ಣು ದಪ್ಪ ಆಗುತ್ತದಲ್ವಾ, ಅಲ್ಲಿ ಹಿಂದಿನಿಂದ ಕೆರೆದು ಎಲ್ಲ ಕಡೆ ಒಂದೂವರೆ ಸೆಂ.ಮೀ. ಆಸುಪಾಸಿಗೆ ತಂದೆ.

ಅಚ್ಚು ಮಣ್ಣಿನ ನೀರು ಹೀರಿಕೊಂಡಾಗ ಫಲಕ ತಾನಾಗಿ ಬಿಟ್ಟುಕೊಳ್ಳುತ್ತದೆ. ನನಗೆ ಅತಿ ಇಷ್ಟವಾದ ಕೆಲಸ ಶುರುವಾಗುವುದು ಆಗಲೇ. ಉಗುರು ಒತ್ತಿದರೆ ಗುರುತು ಬೀಳಬೇಕು, ಎತ್ತಿದರೆ ಬಾಗಬಾರದು, ಆ ಹದದಲ್ಲಿ ಬಿದಿರು ಕಡ್ಡಿಯಿಂದ ಕಣ್ಣಿನ ರೆಪ್ಪೆ, ತುಟಿಯ ಮೂಲೆ, ಕಾಳಿನ ಮುಳ್ಳು ತಿದ್ದಿದೆ. ಕಣ್ಣಿನ ಮೇಲಿನ ರೆಪ್ಪೆ ಒಂದು ಕೂದಲೆಳೆಯಷ್ಟು ಆಳವಾದರೂ ದೇವಿಯ ನೋಟವೇ ಬದಲಾಗುತ್ತದೆ, ಇಲ್ಲಿ ಅವಸರ ಮಾಡಲೇಬೇಡಿ. ಮೊಳೆಯ ತೂತನ್ನೂ ಆಗಲೇ ಕೊರೆಯಬೇಕು, ಕುಗ್ಗುವುದನ್ನು ಲೆಕ್ಕ ಹಾಕಿ ಸ್ವಲ್ಪ ದೊಡ್ಡದಾಗಿ.

ಎರಡು ಹಲಗೆಗಳ ನಡುವೆ ಪೇಪರ್ ಹಾಕಿ ನಿಧಾನ ಒಣಗಿಸಿದೆ, ಇಲ್ಲವಾದರೆ ಮೂಲೆಗಳು ಮೇಲಕ್ಕೆ ಏಳುತ್ತವೆ. ಕಿಲ್ನ್‌ನಲ್ಲಿ, ಅಂದರೆ ಮಣ್ಣು ಸುಡುವ ಗೂಡಿನಲ್ಲಿ, ತೇವ ಪೂರ್ತಿ ಹೋಗುವವರೆಗೆ ಶಾಖ ಮೆಲ್ಲಗೆ ಏರಿಸಿ, 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಮತ್ತೆ ನಿಧಾನಿಸಿ, 950ಕ್ಕೆ ಮುಗಿಸಿದೆ. 573ರಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಎಂಬ ಖನಿಜ ತಟ್ಟನೆ ಹಿಗ್ಗುತ್ತದೆ, ಅವಸರ ಮಾಡಿದರೆ ಫಲಕ ಬಿರುಕು ಬಿಡಬಹುದು.

ರೋಮನ್ನರು ಇವಕ್ಕೆ ಬಣ್ಣ ಹಚ್ಚುತ್ತಿದ್ದರು, ಈಗ ಬರಿಯ ಮಣ್ಣಿನಂತೆ ಕಾಣುವುದು ಬಣ್ಣ ಉದುರಿಹೋಗಿರುವುದರಿಂದ. ನಾನೂ ಬಿಳಿ ಲೇಪ ಕೊಟ್ಟು ತೆನೆಗೆ ಹಳದಿ, ಬಟ್ಟೆಗೆ ಕೆಂಪು ಹಚ್ಚಿದೆ. ಮುಖಕ್ಕೆ ಮಾತ್ರ ಬಿಳಿ ಲೇಪವನ್ನೇ ತೆಳ್ಳಗೆ ಬಿಟ್ಟೆ, ಬಿದಿರು ಕಡ್ಡಿಯ ಗೆರೆ ಮುಚ್ಚಿಹೋಗಬಾರದಲ್ಲ.