ಎರಡು ವರ್ಷದ ಗೆರೆ: ಜರ್ಮನಿಯ ಔಸ್‌ಬಿಲ್ಡುಂಗ್‌ಗೆ ಹೊರಟ ಕೊಡಗಿನವರಿಗೆ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆಯಿಂದ ಔಸ್‌ಬಿಲ್ಡುಂಗ್‌ಗೆಂದು, ಅಂದರೆ ಕೆಲಸ ಮಾಡುತ್ತಾ ಕಲಿಯುವ ವೃತ್ತಿ ತರಬೇತಿಗೆಂದು ಜರ್ಮನಿಗೆ ಹೊರಡುವ ಮಕ್ಕಳು ಮೊದಲು ಕೇಳುವುದು ‘ಸ್ಟೈಪೆಂಡ್ ಎಷ್ಟು’ ಎಂದು. ಆಮೇಲೆ ಕೇಳುವುದು ‘ಯಾವುದು ಬೇಗ ಮುಗಿಯುತ್ತೆ’ ಎಂದು. ಈ ಎರಡನೇ ಪ್ರಶ್ನೆಯೇ ಒಬ್ಬರಾದ ಮೇಲೆ ಒಬ್ಬರನ್ನು ಮುಳುಗಿಸುತ್ತಿದೆ. ವೀಸಾ ಫೋಟೊ, ಬ್ಯಾಂಕ್ ಖಾತೆ, ಚಳಿಯ ಜಾಕೆಟ್ಟಿನ ವಿಷಯ ಎಲ್ಲರಿಗೂ ಗೊತ್ತು. ಯಾವ ಮಟ್ಟದ ಔಸ್‌ಬಿಲ್ಡುಂಗ್ ಹಿಡಿಯಬೇಕು ಎಂಬುದನ್ನು ಮಾತ್ರ ಯಾರೂ ಕೂರಿಸಿ ಹೇಳುವುದಿಲ್ಲ.

ಈ ತರಬೇತಿಯಲ್ಲಿ ಮೂರು ಮೆಟ್ಟಿಲುಗಳಿವೆ. ಕೆಳಗಿನದು ಸುಮಾರು ಒಂದು ವರ್ಷದ ಸಹಾಯಕರ ತರಬೇತಿ. ಅದರ ಮೇಲಿನದು ಎರಡು ವರ್ಷದ್ದು: ಅಂಗಡಿ ಮಾರಾಟ, ಗೋದಾಮು, ಹೋಟೆಲಿನ ಸರ್ವಿಸು, ಯಂತ್ರ ನಡೆಸುವುದು. ಮೂರನೆಯದು ಮೂರರಿಂದ ಮೂರೂವರೆ ವರ್ಷದ ಪೂರ್ಣ ವೃತ್ತಿ. ನರ್ಸಿಂಗ್, ಅಡುಗೆ, ಹೋಟೆಲ್ ನಿರ್ವಹಣೆಗೆ ಮೂರು ವರ್ಷ, ಕಾರಿನ ಮೆಕಟ್ರಾನಿಕ್ಸ್‌ಗೆ ಮೂರೂವರೆ. ಜರ್ಮನಿಯ ಅರ್ಹತಾ ಪಟ್ಟಿಯಲ್ಲಿ ಎರಡು ವರ್ಷದ್ದಕ್ಕೆ 3ನೇ ಮಟ್ಟ, ಮೂರು ಮತ್ತು ಮೂರೂವರೆ ವರ್ಷದ್ದಕ್ಕೆ 4ನೇ ಮಟ್ಟ. ಮುಂದೆ ಓದಿ ‘ಮೈಸ್ಟರ್’ ಎಂಬ ಮೇಲಿನ ವೃತ್ತಿ ಪರೀಕ್ಷೆ ಪಾಸಾದರೆ 6, ಅಂದರೆ ಬ್ಯಾಚುಲರ್ ಪದವಿಯ ಸಾಲು.

ಈಗ ಬಲೆಯ ವಿಷಯ. ಜರ್ಮನಿಯ ವಾಸದ ಕಾನೂನಿನಲ್ಲಿ ‘ಅರ್ಹ ವೃತ್ತಿ ತರಬೇತಿ’ ಎನ್ನಿಸಿಕೊಳ್ಳಲು ಆ ತರಬೇತಿಯ ಅವಧಿ ಕನಿಷ್ಠ ಎರಡು ವರ್ಷ ಇರಬೇಕು. ಒಂದು ವರ್ಷದ ಸರ್ಟಿಫಿಕೇಟು ಎಷ್ಟು ಒಳ್ಳೆಯ ಅಂಕದ್ದಾದರೂ ನಿಮ್ಮನ್ನು ‘ಫಾಖ್‌ಕ್ರಾಫ್ಟ್’, ಅಂದರೆ ಕುಶಲ ಉದ್ಯೋಗಿ ಮಾಡುವುದಿಲ್ಲ. ಎರಡು ವರ್ಷದ ಅಥವಾ ಅದಕ್ಕೂ ಹೆಚ್ಚಿನ ತರಬೇತಿಯನ್ನು ಜರ್ಮನಿಯಲ್ಲೇ ಮುಗಿಸಿ ಆ ಕೆಲಸಕ್ಕೆ ಸೇರಿದವರು, ಪಿಂಚಣಿ ಕಂತು, ಭಾಷೆಯಂಥ ಉಳಿದ ಷರತ್ತುಗಳು ಸರಿಯಿದ್ದರೆ ಎರಡೇ ವರ್ಷದಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಸಹಾಯಕರಿಗೆ ಆ ದಾರಿ ಇಲ್ಲ. ಆರೈಕೆ ಕ್ಷೇತ್ರದ ಸಹಾಯಕರಿಗೆಂದು 2024ರಲ್ಲಿ ಪ್ರತ್ಯೇಕ ನಿಯಮ ಬಂತು, ಹಾಗಾಗಿ ಕೆಲಸವೇನೋ ಸಿಗುತ್ತದೆ. ಆದರೆ ಬೇರೆ ಕ್ಷೇತ್ರಕ್ಕೆ ಹಾರುವ ಸ್ವಾತಂತ್ರ್ಯ ಹೋಯಿತು.

ದುಡ್ಡಿನ ಲೆಕ್ಕವನ್ನೂ ನೋಡಿ. 2025ರ ಜುಲೈಯಿಂದ ಆರೈಕೆ ಕೆಲಸದ ಕನಿಷ್ಠ ವೇತನ ತರಬೇತಿ ಪಡೆದ ಸಹಾಯಕರಿಗೆ ಗಂಟೆಗೆ 17.35 ಯೂರೋ, ಪೂರ್ಣ ನರ್ಸ್‌ಗೆ 20.50. ವಾರಕ್ಕೆ 39 ಗಂಟೆ ದುಡಿದರೆ ತಿಂಗಳಿಗೆ 530 ಯೂರೋದಷ್ಟು ವ್ಯತ್ಯಾಸ. ಅದೂ ಕೈ, ಬೆನ್ನು ನೋವು ಇಬ್ಬರಿಗೂ ಒಂದೇ ಇರುವ ವಾರ್ಡಿನಲ್ಲಿ.

ಜಾಣ ಮಕ್ಕಳೂ ಇದಕ್ಕೆ ಬೀಳಲು ಕಾರಣ ಆ ಪದಗಳೇ. ಒಪ್ಪಂದದ ಕಾಗದದಲ್ಲಿ ಒಂದು ಕಡೆ ‘ಫ್ಲೇಗೆಫಾಖ್‌ಫ್ರೌ’ ಎಂದಿರುತ್ತದೆ, ಇನ್ನೊಂದು ಕಡೆ ‘ಫ್ಲೇಗೆಫಾಖ್‌ಅಸಿಸ್ಟೆಂಟಿನ್’. ಮೊದಲರ್ಧ ಎರಡರಲ್ಲೂ ಒಂದೇ. ಮೊದಲನೆಯದು ಮೂರು ವರ್ಷದ ನರ್ಸ್, ಎರಡನೆಯದು ಸಹಾಯಕಿ. ಬಾಲ ಓದದೆ ಸಹಿ ಹಾಕಿದರೆ ಮುಗಿಯಿತು. ಏಜೆಂಟರು ಎರಡನ್ನೂ ‘ನರ್ಸಿಂಗ್ ಔಸ್‌ಬಿಲ್ಡುಂಗ್’ ಎಂದೇ ಕರೆಯುತ್ತಾರೆ. ಸಹಾಯಕರ ಸೀಟು ಬೇಗ ತುಂಬುತ್ತದೆ, ಅವರ ಕಮಿಷನ್ನೂ ಬೇಗ ಕೈಸೇರುತ್ತದೆ. ಇನ್ನೊಂದು ಎಚ್ಚರ: ಸಹಾಯಕರ ತರಬೇತಿಗೆ ಈಗ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮವಿದ್ದು, 2027ರಿಂದ ಇಡೀ ದೇಶಕ್ಕೆ 18 ತಿಂಗಳ ಒಂದೇ ತರಬೇತಿ ಬರಲಿದೆ. ‘ಈಗ ಹೊಸ ಕೋರ್ಸು, ಅವಧಿ ಜಾಸ್ತಿಯಾಗಿದೆ’ ಎಂದು ಯಾರಾದರೂ ಹೇಳಿದರೆ 18 ತಿಂಗಳು 24ಕ್ಕಿಂತ ಕಡಿಮೆ ಎಂಬುದನ್ನು ಮರೆಯಬೇಡಿ.

‘ಮೊದಲು ಒಂದು ವರ್ಷ ಮುಗಿಸಿ, ಆಮೇಲೆ ಮೂರು ವರ್ಷದ್ದು ಮಾಡಿದರಾಯಿತು’ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಸಹಾಯಕರ ತರಬೇತಿ ಮುಗಿಸಿದವರಿಗೆ ನರ್ಸಿಂಗ್ ಅವಧಿಯ ಮೂರನೇ ಒಂದು ಭಾಗದವರೆಗೆ ಕಡಿತ ಸಿಗಬಹುದು. ಆದರೆ ಅದು ತಾನಾಗಿ ಸಿಗದು. ಅರ್ಜಿ ಹಾಕಬೇಕು, ರಾಜ್ಯದ ಅಧಿಕಾರಿಗಳು ಒಪ್ಪಬೇಕು, ಶಾಲೆಯ ಎರಡನೇ ವರ್ಷದಲ್ಲಿ ಜಾಗ ಖಾಲಿ ಇರಬೇಕು. ಒಂದು ತಪ್ಪಿದರೂ ಮೂರರ ಜಾಗದಲ್ಲಿ ನಾಲ್ಕು ವರ್ಷ. ಶಾಲೆಯ ಅಂಕಪಟ್ಟಿಗೆ ಮಾನ್ಯತೆ ಸಿಗದೆ ನೇರ ಪ್ರವೇಶವೇ ಇಲ್ಲ ಎನ್ನುವವರಿಗೆ ಮಾತ್ರ ಈ ಸುತ್ತುದಾರಿ ಸರಿ.

ಸಹಿಗೆ ಮುಂಚೆ ಒಪ್ಪಂದದಲ್ಲಿ ಇಷ್ಟನ್ನು ಬೆರಳಿಟ್ಟು ಹುಡುಕಿ. ವೃತ್ತಿಯ ಹೆಸರನ್ನು ಅಕ್ಷರಶಃ ನಕಲಿಸಿ, ಜರ್ಮನಿಯ ಉದ್ಯೋಗ ಇಲಾಖೆಯ ‘ಬೆರೂಫೆನೆಟ್’ ಎಂಬ ವೆಬ್‌ಸೈಟಿನಲ್ಲಿ ಹಾಕಿ. ಅಲ್ಲಿ ಅವಧಿ, ಕಲಿಕೆ, ಮುಂದಿನ ದಾರಿ ಎಲ್ಲ ಬರುತ್ತದೆ. ಒಪ್ಪಂದದಲ್ಲಿ ಅವಧಿ ತಿಂಗಳಲ್ಲಿ ಬರೆದಿದ್ದರೆ ಅದು 24, 36 ಅಥವಾ 42 ಇರಬೇಕು. ವ್ಯಾಪಾರ, ಹೋಟೆಲ್, ಕೈಗಾರಿಕೆಯದ್ದಾದರೆ ‘ಐಹೆಚ್‌ಕೆ’ ಎಂಬ ವಾಣಿಜ್ಯ ಮಂಡಳಿಯಲ್ಲಿ, ಕಸುಬಿನದ್ದಾದರೆ ‘ಹೆಚ್‌ಡಬ್ಲ್ಯುಕೆ’ ಎಂಬ ಕಸುಬುದಾರರ ಮಂಡಳಿಯಲ್ಲಿ ನೋಂದಣಿಯಾಗಬೇಕು. ನರ್ಸಿಂಗ್ ಇವೆರಡಕ್ಕೂ ಸೇರದು, ಅದಕ್ಕೆ ನರ್ಸಿಂಗ್ ಶಾಲೆಯ ಒಪ್ಪಿಗೆ ಬೇಕು. ಪರೀಕ್ಷಾರ್ಥ ಅವಧಿ ಸಾಮಾನ್ಯ ವೃತ್ತಿಗಳಿಗೆ ಒಂದರಿಂದ ನಾಲ್ಕು ತಿಂಗಳು, ನರ್ಸಿಂಗ್‌ಗೆ ಆರು. ತರಬೇತಿ ಕೊಡುವುದಕ್ಕೆಂದು ಮಾಲೀಕರು ನಿಮ್ಮಿಂದ ಹಣ ಕೇಳಿದರೆ ಆ ಷರತ್ತೇ ಕಾನೂನಿನ ಪ್ರಕಾರ ಅಸಿಂಧು. ತೋಟ ಅಡವಿಟ್ಟು ಲಕ್ಷಗಟ್ಟಲೆ ಕಟ್ಟುವ ಮುಂಚೆ ಆ ಹಣ ಯಾರ ಜೇಬಿಗೆ ಹೋಗುತ್ತದೆ ಎಂದು ಕೇಳಿ.

ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರದ್ದು ಇದಕ್ಕೆ ತಿರುಗುಮುರುಗಾದ ತಪ್ಪು. ಅವರಿಗೆ ಔಸ್‌ಬಿಲ್ಡುಂಗೇ ಬೇಡ. ಕಲಿತದ್ದನ್ನೇ ಮತ್ತೆ ಮೂರು ವರ್ಷ, ತಿಂಗಳಿಗೆ 1,400 ಯೂರೋ ಆಸುಪಾಸಿನ ಭತ್ಯೆಗೆ ಕಲಿಯಲು ಯಾಕೆ ಹೋಗಬೇಕು? ಅವರ ದಾರಿ ‘ಅನೆರ್ಕೆನ್ನುಂಗ್’, ಅಂದರೆ ಇರುವ ಅರ್ಹತೆಗೆ ಮಾನ್ಯತೆ. ಅರ್ಜಿ ಹಾಕಿದ ಮೇಲೆ ಯಾವ ವಿಷಯ ಕಡಿಮೆ ಎಂದು ಒಂದು ಪತ್ರ ಬರುತ್ತದೆ. ಆ ಕೊರತೆಯನ್ನು ತುಂಬಲು ಜ್ಞಾನ ಪರೀಕ್ಷೆಗೆ ಕೂರಬಹುದು ಅಥವಾ ಹೊಂದಾಣಿಕೆಯ ಕೋರ್ಸು ಮಾಡಬಹುದು. ಅಲ್ಲಿಯವರೆಗೆ ಸಹಾಯಕರ ಸಂಬಳ, ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಭಾಷೆ. ಡ್ರಿಪ್, ಇಂಜೆಕ್ಷನ್‌ನಲ್ಲಿ ನಮ್ಮ ನರ್ಸ್‌ಗಳ ಕೈ ಪಳಗಿರುತ್ತದೆ. ಅದನ್ನು ಬದಿಗಿಟ್ಟು ಅವರನ್ನು ಮೊದಲ ವರ್ಷದ ಬೆಂಚಿನಲ್ಲಿ ಕೂರಿಸುವುದು ಅನ್ಯಾಯ.

ಹೋಂಸ್ಟೇ, ರೆಸಾರ್ಟುಗಳಲ್ಲಿ ಪಳಗಿದವರು ಎರಡು ವರ್ಷದ ‘ಫಾಖ್‌ಕ್ರಾಫ್ಟ್ ಗ್ಯಾಸ್ಟ್ರೊನೊಮಿ’, ಅಂದರೆ ಹೋಟೆಲಿನ ಸರ್ವಿಸು ಹಿಡಿದರೂ ಗೆರೆ ದಾಟಿದಂತೆ. ಮುಂದೆ ಮೂರು ವರ್ಷದ ವೃತ್ತಿಗೆ ಅದನ್ನೇ ಮುಂದುವರಿಸಲೂ ಬಹುದು. ಆದರೂ ಭಾಷೆ ಗಟ್ಟಿಯಿದ್ದರೆ ನೇರ ಮೂರು ವರ್ಷದ ಹೋಟೆಲ್ ಅಥವಾ ಅಡುಗೆಯನ್ನೇ ಹಿಡಿಯುವುದು ಮೇಲು. ಊರಿನ ಅನುಭವ ಒಪ್ಪಂದ ಗಿಟ್ಟಿಸಲು ನೆರವಾಗುತ್ತದೆ, ತಾನಾಗಿ ತಿಂಗಳು ಕಡಿಮೆ ಮಾಡುವುದಿಲ್ಲ. ಅದಕ್ಕೆ ನೀವೂ ಮಾಲೀಕರೂ ಸೇರಿ ಮಂಡಳಿಗೆ ಅರ್ಜಿ ಕೊಡಬೇಕು.

ಭತ್ಯೆಯ ಬಗ್ಗೆ ಒಂದೇ ಮಾತು. 2026ರಲ್ಲಿ ಶುರುವಾಗುವ ತರಬೇತಿಗೆ ಕನಿಷ್ಠ ಮೊತ್ತ ಮೊದಲ ವರ್ಷ 724, ಎರಡನೇ ವರ್ಷ 854, ಮೂರನೇ ವರ್ಷ 977 ಯೂರೋ. ವಿಮೆ, ಪಿಂಚಣಿಗೆ ಐದನೇ ಒಂದು ಭಾಗ ಹೋಗುತ್ತದೆ. ಕನಿಷ್ಠ ಮೊತ್ತದಲ್ಲಿ ಬಾಡಿಗೆ, ಊಟ ಎರಡೂ ನಡೆಯದು, ವೀಸಾಕ್ಕೆ ಕಡಿಮೆ ಬಿದ್ದಷ್ಟನ್ನು ನಿರ್ಬಂಧಿತ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಮಾತ್ರ ತೆಗೆಯಬಹುದಾದ ಖಾತೆಯಲ್ಲಿ ತೋರಿಸಬೇಕಾಗುತ್ತದೆ.

ವ್ಯವಸ್ಥೆಯನ್ನು ಹೋಲಿಸಿದರೆ ಜರ್ಮನಿಯದ್ದೇ ಮೇಲು ಎಂದು ನೇರವಾಗಿ ಹೇಳಬಹುದು. ಐಹೆಚ್‌ಕೆ, ಹೆಚ್‌ಡಬ್ಲ್ಯುಕೆಗೆ ಸೇರಿದ ವೃತ್ತಿಗಳ ಕೊನೆಯ ಪರೀಕ್ಷೆ ನಡೆಸುವುದು ದುಡಿಸಿಕೊಂಡ ಮಾಲೀಕರಲ್ಲ, ಮಂಡಳಿ. ನಪಾಸಾದರೆ ಇನ್ನೆರಡು ಅವಕಾಶ. ನಮ್ಮಲ್ಲಿ ಐಟಿಐ ಮುಗಿಸಿದವನು ಕಾರ್ಖಾನೆಯ ಯಂತ್ರ ಮುಟ್ಟಲು ಹೆಚ್ಚಾಗಿ ಅಪ್ರೆಂಟಿಸ್ ಜಾಗಕ್ಕಾಗಿ ಮತ್ತೆ ಕಾಯಬೇಕು. ಅಲ್ಲಿ ಮೊದಲ ವಾರದಿಂದಲೇ ಕೈಗೆ ಕೆಲಸ. ಆದರೆ ಏನು ಕಲಿತೆವು ಎಂಬ ವರದಿ ಪುಸ್ತಕವನ್ನು ಜರ್ಮನ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಿರಬೇಕು, ಅದು ಪೂರ್ತಿ ಇರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬಿ1 ವೀಸಾಕ್ಕೆ ಸಾಕು, ವೃತ್ತಿ ಶಾಲೆಯ ಪಾಠಕ್ಕೆ ಸಾಲದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ2 ಮುಗಿಸಿಯೇ ಹೊರಡಿ.

ಹೆಚ್ಚಿನ ತರಬೇತಿಗಳು ಆಗಸ್ಟ್ ಅಥವಾ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತವೆ, ನರ್ಸಿಂಗ್‌ನಲ್ಲಿ ಏಪ್ರಿಲ್, ಅಕ್ಟೋಬರ್ ಬ್ಯಾಚುಗಳೂ ಇರುತ್ತವೆ. ಅಂದರೆ ಕಾಫಿ ಕೊಯ್ಲು ಶುರುವಾಗುವ ನವೆಂಬರ್ ಹೊತ್ತಿಗೇ ಮುಂದಿನ ವರ್ಷದ ಅರ್ಜಿಗಳು ಹೋಗಿರಬೇಕು. ನಿಮ್ಮ ತಪ್ಪಿಲ್ಲದೆ ತರಬೇತಿ ಅರ್ಧಕ್ಕೆ ನಿಂತರೆ ಬೇರೆ ಜಾಗ ಹುಡುಕಲು ಆರು ತಿಂಗಳವರೆಗೆ ಸಮಯ ಸಿಗುತ್ತದೆ. ಆಗ ಹೆದರಿ ವಿಮಾನ ಹತ್ತಬೇಡಿ, ಮೊದಲು ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಗೆ ಲಿಖಿತವಾಗಿ ತಿಳಿಸಿ.